ಕಲ್ಲು ಹೊತ್ತವರು ಕಲ್ಲನ್ನು ಓದಬೇಡವೆ?

"ಕಲೆಯ ಚರಿತ್ರೆ ಓದಿ ನನ್ನ ಮಗಳು ಹೊಟ್ಟೆಗೆ ಎಂತ ಹಾಕ್ಕೊಳ್ಳೋದು, ಹೇಳಿ ಮೇಷ್ಟ್ರೆ?"

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನಿನಲ್ಲಿ, ಹೊಗೆ ಹಿಡಿದ ಗೋಡೆಗೆ ಒರಗಿ ಕೂತು ಒಬ್ಬ ತಂದೆ ನಮ್ಮನ್ನು ಕೇಳಿದ ಪ್ರಶ್ನೆ ಇದು. ಮಗಳು ಪಿಯುಸಿ ಮುಗಿಸಿದ್ದಳು. ಆ ಲೈನಿನಲ್ಲಿ ಅಷ್ಟು ದೂರ ಓದಿದವಳು ಅವಳೇ ಮೊದಲು. ಮೈಸೂರಿಗೆ ಹೋಗಿ ಚಿತ್ರಕಲೆ ಕಲೀತೀನಿ, ಅದರ ಚರಿತ್ರೆ ಓದ್ತೀನಿ ಅಂತ ಹಟ ಹಿಡಿದಿದ್ದಳು. ತಂದೆಗೆ ದಿಕ್ಕು ತೋಚದೆ, ಲೈನಿನ ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದ ನಮ್ಮನ್ನು ಕರೆಸಿದ್ದ. ನಾವು ನಾಲ್ಕೈದು ಜನ. ಕೆಲವರು ಹಳ್ಳಿ ಶಾಲೆಯ ಮೇಷ್ಟ್ರುಗಳು, ಕೆಲವರು ಸಂಘಟನೆಯಲ್ಲಿ ಓಡಾಡುವವರು. ಸಮಾನತೆ, ಸ್ವಾಭಿಮಾನ ಅಂತ ಭಾಷಣ ಮಾಡಿ ಗೊತ್ತಿರುವವರು.

ನಾವು ಏನು ಹೇಳಿದೆವು? ತಂದೆಯ ಪರ ನಿಂತೆವು. "ಅದೆಲ್ಲ ಉಳ್ಳವರ ಮಕ್ಕಳು ಓದೋದು ಕಣಮ್ಮ. ಮೊದಲು ಕಾಲ ಮೇಲೆ ನಿಂತ್ಕೋ. ಬಿ.ಕಾಂ. ಮಾಡು, ಎಲ್ಲಾದರೂ ಕೆಲಸ ಸಿಗ್ತದೆ" ಅಂದೆವು. ಅವಳು ಎದುರು ಮಾತಾಡಲಿಲ್ಲ. ಬಿ.ಕಾಂ. ಮಾಡಿದಳು. ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೀತಾಳೆ. ನಾವು ಕೊಟ್ಟದ್ದು ಹೊಟ್ಟೆಪಾಡಿನ ಸಲಹೆ. ಅದು ಸುಳ್ಳೇನಲ್ಲ. ಆದರೆ ಅದರೊಳಗೆ ಒಂದು ಮಾತು ಅಡಗಿತ್ತು. ನಿನ್ನಂಥವಳಿಗೆ ಇದು ಅಲ್ಲ, ಎಂಬ ಮಾತು. ಈ ಮಾತನ್ನು ನಮಗೆ ನೂರಾರು ವರ್ಷಗಳಿಂದ ಹೇಳಿಕೊಂಡು ಬಂದವರು ಬೇರೆಯವರು. ಅವತ್ತು ಅದನ್ನು ಹೇಳಿದವರು ನಾವೇ.

ಆ ತಪ್ಪಿನ ಲೆಕ್ಕ ಒಪ್ಪಿಸಲು ಈ ಲೇಖನ ಬರೆಯುತ್ತಿದ್ದೇವೆ.

ನಮ್ಮ ಕಣ್ಣು ತೆರೆದದ್ದು ಪುಸ್ತಕದಿಂದಲ್ಲ, ಒಂದು ಪ್ರವಾಸದಿಂದ. ಎರಡು ವರ್ಷ ಕಳೆದ ಮೇಲೆ ಲೈನಿನ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದೆವು. ಬೇಲೂರು ಹಾಸನ ಜಿಲ್ಲೆಗೆ ಸೇರಿದ್ದಾದರೂ ನಮ್ಮ ಬೆಟ್ಟಗಳ ಬುಡದಲ್ಲೇ ಇದೆ. ಮೂಡಿಗೆರೆಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ನೋಡಿ ಬರಬಹುದು. ಹಾಗಿದ್ದೂ ಆ ಮಕ್ಕಳಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಚಿಕ್ಕವರನ್ನು ನೋಡಿಕೊಳ್ಳಲಿ ಅಂತ ಆ ಹುಡುಗಿಯನ್ನೂ ಜೊತೆಗೆ ಕರೆದಿದ್ದೆವು.

ಚೆನ್ನಕೇಶವ ದೇವಸ್ಥಾನದ ಹೊರಗೋಡೆಯ ಮೇಲೆ, ಸೂರಿನ ಕೆಳಗೆ, ಮೂವತ್ತೆಂಟು ಮದನಿಕೆಯರು ಇದ್ದಾರೆ. ಮಕ್ಕಳು ಕತ್ತೆತ್ತಿ ನೋಡುತ್ತಾ ನಿಂತರು. ಆರನೇ ಕ್ಲಾಸಿನ ಒಬ್ಬ ಹುಡುಗ ಕೇಳಿದ: "ಸಾರ್, ಇದನ್ನ ಯಾರು ಮಾಡಿದ್ದು?" ನಮ್ಮ ಬಾಯಿಗೆ ತಟ್ಟನೆ ಬಂದದ್ದು: "ಜಕಣಾಚಾರಿ." ಅವನು ಬಿಡಲಿಲ್ಲ. "ಇಷ್ಟೂ ಒಬ್ಬನೇನಾ? ಕಲ್ಲು ಹೊತ್ತಿದ್ದು ಯಾರು?"

ನಮಗೆ ಉತ್ತರ ಬರಲಿಲ್ಲ. ಕಾಫಿ ಮೂಟೆ ಹೊರುವವರ ಮಗ ಅವನು. ಒಂದು ಮೂಟೆ ಎಷ್ಟು ಭಾರ ಅಂತ ಅವನಿಗೆ ಗೊತ್ತು. ಆದ್ದರಿಂದಲೇ ಒಬ್ಬನೇ ಇಷ್ಟನ್ನು ಮಾಡಿದ ಎಂಬ ಮಾತು ಅವನ ತಲೆಗೆ ಹತ್ತಲಿಲ್ಲ. ನಾವು ಬಿ.ಎಡ್. ಮಾಡಿದವರು. ನಮಗೆ ಆ ಪ್ರಶ್ನೆ ಯಾವತ್ತೂ ಹುಟ್ಟಿರಲಿಲ್ಲ.

ವಾಪಸು ಬಂದ ಮೇಲೆ ಹುಡುಕಿದೆವು. ಬೇಲೂರಿನ ಗುಡಿ ಕಟ್ಟಿ 1117ರಲ್ಲಿ ಪ್ರತಿಷ್ಠೆ ಮಾಡಿಸಿದವನು ವಿಷ್ಣುವರ್ಧನ ಎಂಬುದು ಶಾಲೆಯ ಪಾಠದಲ್ಲೇ ಇದೆ. ಪಾಠದಲ್ಲಿ ಇಲ್ಲದ್ದು ಏನೆಂದರೆ, ಆ ಗೊಂಬೆಗಳಲ್ಲಿ ಹಲವದರ ಪೀಠದ ಮೇಲೆ ಮಾಡಿದವರ ಹೆಸರು ಕನ್ನಡದಲ್ಲಿ ಕೊರೆದಿದೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ಕೆಲಸ ಹುಡುಕಿ ಬಂದ ಅಪ್ಪ ಮಗ. ಮಲ್ಲಿತಮ್ಮ ಎಂಬ ಹೆಸರು ನಮ್ಮ ಜಿಲ್ಲೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲೂ ಇದೆ, ದೂರದ ಸೋಮನಾಥಪುರದಲ್ಲೂ ಇದೆ. ಮಸಣಿತಮ್ಮ, ಚೌಡೆಯ, ಬಾಲೆಯ ಎಂಬ ಹೆಸರುಗಳೂ ಸೋಮನಾಥಪುರದಲ್ಲಿವೆ. ಬೇಲೂರಿನ ಹೆಸರುಗಳನ್ನು ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು 1919ರಲ್ಲೇ ಓದಿ, ಅಚ್ಚು ಹಾಕಿಸಿದ್ದರು. ಅದು ಇಂಗ್ಲಿಷಿನಲ್ಲಿತ್ತು. ನಮ್ಮವರೆಗೆ ಬರಲಿಲ್ಲ. ನೂರು ವರ್ಷಗಳಿಂದ ತಿಳಿದ ಸಂಗತಿ ಇದು. ಆದರೂ ಊರೂರಿನ ಮೇಷ್ಟ್ರುಗಳು ಇವತ್ತಿಗೂ ಹೇಳುವುದು ಜಕಣಾಚಾರಿಯ ಕತೆಯನ್ನೇ. ಆ ಗುಡಿಗಳ ಯಾವ ಶಾಸನದಲ್ಲೂ ಜಕಣಾಚಾರಿ ಸಿಗುವುದಿಲ್ಲ. ಕತೆ ಕತೆಯಾಗಿ ಇರಲಿ, ಚೆಂದವಾಗಿಯೇ ಇದೆ. ಆದರೆ ಒಬ್ಬ ಕತೆಯ ನಾಯಕನಿಗಾಗಿ ಹತ್ತಾರು ದುಡಿಮೆಗಾರರ ನಿಜವಾದ ಹೆಸರುಗಳನ್ನು ಮರೆತೆವಲ್ಲ, ಇದು ಯಾವ ನ್ಯಾಯ?

ಆ ಶಾಸನಗಳಲ್ಲಿ ಶಿಲ್ಪಿಗೆ ಇರುವ ಮಾತು 'ರೂವಾರಿ'. ರೂಪ ಕೊಡುವವನು. ಈ ಮಾತು ಇವತ್ತು ಎಲ್ಲಿ ಬಳಕೆಯಲ್ಲಿದೆ ನೋಡಿ. ದಿನಪತ್ರಿಕೆಯಲ್ಲಿ. "ಕ್ಷೇತ್ರದ ಅಭಿವೃದ್ಧಿಯ ರೂವಾರಿ" ಅಂತ ಶಾಸಕರ ಫೋಟೋ ಕೆಳಗೆ. ಕೈಯಲ್ಲಿ ಉಳಿ ಹಿಡಿದು, ಕಲ್ಲಿನ ಪುಡಿ ಕುಡಿದು ಕೆಲಸ ಮಾಡಿದವನ ಹೆಸರನ್ನು, ಕೈಗೆ ಮಣ್ಣು ತಾಗದವನು ತೊಟ್ಟುಕೊಂಡಿದ್ದಾನೆ. ಪದವೂ ಕಳುವಾಗುತ್ತದೆ, ಗೆಳೆಯರೇ. ಕಳುವಾಗಿದೆ ಅಂತ ತಿಳಿಯಬೇಕಾದರೆ ಚರಿತ್ರೆ ಓದಿರಬೇಕು. ಕಲೆಯ ಚರಿತ್ರೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ನಮಗೆ ಸಿಕ್ಕ ಮೊದಲ ಉತ್ತರ ಇದು.

ಇಲ್ಲಿಗೇ ನಿಂತರೆ ನಾವು ಇನ್ನೊಂದು ಸುಳ್ಳಿಗೆ ಬೀಳುತ್ತೇವೆ. ಹೆಸರು ಕೊರೆದುಕೊಂಡ ರೂವಾರಿಗಳೆಲ್ಲ ನಮ್ಮ ಕೇರಿಯವರು ಅಂತ ಹೇಳಲು ಬರುವುದಿಲ್ಲ. ಅವರು ಮನ್ನಣೆ ಇದ್ದ ಕಸುಬುದಾರರು. ದೊಡ್ಡ ದೊಡ್ಡ ಬಿರುದು ಹಾಕಿಕೊಂಡವರೂ ಇದ್ದಾರೆ. ಗಣಿಯಿಂದ ಬಂಡೆ ಎಬ್ಬಿಸಿದವರು, ಬಂಡಿ ಹೊಡೆದವರು, ಗಾರೆ ಅರೆದವರು, ಅಷ್ಟು ಜನಕ್ಕೆ ಅನ್ನವಾದ ಭತ್ತ ಬೆಳೆದವರು, ಇವರ ಹೆಸರು ಯಾವ ಪೀಠದ ಮೇಲೂ ಇಲ್ಲ. ದಾನಶಾಸನಗಳಲ್ಲಿ ಗದ್ದೆಯ ಗಡಿ ಇರುತ್ತದೆ, ಗದ್ಯಾಣದ ಲೆಕ್ಕ ಇರುತ್ತದೆ, ಕೊಟ್ಟವನ ಮತ್ತು ಕೊಂಡವನ ವಂಶಾವಳಿ ಇರುತ್ತದೆ. ಆ ಗದ್ದೆಯ ಕೆಸರಿನಲ್ಲಿ ನಿಂತವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಹುಡುಗ ಕೇಳಿದ ಎರಡನೇ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿಲ್ಲ. ಉತ್ತರ ಇಲ್ಲದಿರುವುದೂ ಒಂದು ಸಾಕ್ಷಿಯೇ.

ನಮ್ಮ ಬೆಟ್ಟಗಳನ್ನೇ ತೆಗೆದುಕೊಳ್ಳಿ. ಹೊಯ್ಸಳರ ಮೂಲ ಎಂದು ಹೇಳುವ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿ ವಾಸಂತಿಕಾ ದೇವಿಯ ಗುಡಿ ಇದೆ, ಪಾಳುಬಿದ್ದ ಬಸದಿಗಳಿವೆ. ಸಳ ಹುಲಿ ಹೊಡೆದ ಕತೆ ಎಲ್ಲರಿಗೂ ಗೊತ್ತು. ಆ ಹುಲಿಯ ಕತೆಯೇ ಮುಂದೆ ರಾಜಲಾಂಛನವಾಯಿತು. ಆದರೆ ಹೊಯ್ಸಳರು ಹೆಮ್ಮೆಯಿಂದ ಹಾಕಿಕೊಂಡ ಒಂದು ಬಿರುದನ್ನು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. 'ಮಲೆಪರೊಳ್ ಗಂಡ.' ಮಲೆಯವರ ನಡುವೆ ಗಂಡಸು, ಮಲೆಯವರನ್ನು ಬಗ್ಗುಬಡಿದವನು. ಬಂಗಾರದ ನಾಣ್ಯದ ಮೇಲೂ ಇದನ್ನು ಅಚ್ಚು ಹಾಕಿಸಿದರು. ಅಂದರೆ ಬೇಲೂರು ಹಳೇಬೀಡಿನ ಆ ವೈಭವ ಶುರುವಾಗುವುದು ಈ ಬೆಟ್ಟಗಳ ಜನರನ್ನು ಸೋಲಿಸಿದ ಜಂಬದಿಂದ. ಸೋತ ಮಲೆಯವರು ಯಾರು, ಅವರ ದೇವರು ಯಾವುದು, ಅವರು ಮರದಲ್ಲಿ ಏನು ಕೆತ್ತುತ್ತಿದ್ದರು? ಈ ಪ್ರಶ್ನೆ ಮಲೆಯಲ್ಲಿ ಬದುಕುವ ಮಕ್ಕಳಿಂದಲ್ಲದೆ ಇನ್ಯಾರಿಂದ ಹುಟ್ಟಬೇಕು?

ಇನ್ನು ಕಳಸ. ಒಂದು ಕಾಲಕ್ಕೆ ಕಳಸ ಮತ್ತು ಕಾರ್ಕಳವನ್ನು ಒಟ್ಟಿಗೆ ಆಳಿದವರು ಭೈರರಸರು. ಆ ವಂಶದ ವೀರಪಾಂಡ್ಯ 1432ರಲ್ಲಿ ಕಾರ್ಕಳದಲ್ಲಿ ನಲವತ್ತೆರಡು ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಆ ಮೂರ್ತಿಯನ್ನು ಬಂಡಿಗೆ ಏರಿಸಿ ಬಂಡೆಯ ಮೇಲಕ್ಕೆ ಎಳೆಸಿದ ವರ್ಣನೆ ಹಳೆಯ ಕನ್ನಡ ಕಾವ್ಯದಲ್ಲಿ ಬರುತ್ತದೆ. ನಿಲ್ಲಿಸಿದವನ ಹೆಸರು ಉಳಿಯಿತು. ಹಗ್ಗ ಹಿಡಿದು ಎಳೆದವರು ಹೆಸರಿಲ್ಲದೆ ಹೋದರು. ಕಳಸದ ಸುತ್ತಿನ ತೋಟಗಳಲ್ಲಿ ಇವತ್ತು ತುಳು ಮಾತಾಡುವ ಎಷ್ಟೋ ಕೂಲಿ ಮನೆಗಳ ಹಿರಿಯರು ಅದೇ ಘಟ್ಟದ ಕೆಳಗಿನಿಂದ ಹತ್ತಿ ಬಂದವರು.

ಬೇಲೂರಿನದೇ ಇನ್ನೊಂದು ಸಂಗತಿ ಇದೆ. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಅದು ದಾಖಲಾಗಿದೆ. ಚೆನ್ನಕೇಶವನನ್ನು ಬಾಬಾಬುಡನ್ ಬೆಟ್ಟದಿಂದ ತಂದರಂತೆ, ದೇವಿ ಅಲ್ಲೇ ಉಳಿದಳಂತೆ. ಆದ್ದರಿಂದ ದೇವರು ಆಗಾಗ ಬೆಟ್ಟಕ್ಕೆ ಹೋಗಿ ಬರಬೇಕು. ನಡೆಯಲು ದೊಡ್ಡ ಜೋಡು ಮೆಟ್ಟು ಗುಡಿಯಲ್ಲಿ ಇಟ್ಟಿರುತ್ತದೆ. ಅದು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚರ್ಮದ ಕೆಲಸದವರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸ ಮೆಟ್ಟು ಹೊಲಿದು ತರುತ್ತಾರೆ. ಅದನ್ನು ಒಪ್ಪಿಸಲು ಮಾತ್ರ ಅವರಿಗೆ ಗುಡಿಯ ಅಂಗಳಕ್ಕೆ ಬಿಡುತ್ತಿದ್ದರು.

ಇದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ದೇವರ ಕಾಲಿನ ಅಳತೆ ಗೊತ್ತಿದ್ದವನು ಮಾದರ ಕೇರಿಯವನು. ಅವನು ಹೊಲಿದದ್ದನ್ನು ದೇವರು ಮೆಟ್ಟಬಹುದು, ಅವನು ಮಾತ್ರ ದೇವರ ಬಾಗಿಲು ಮೆಟ್ಟಬಾರದು. ಕಲ್ಲಿನ ಕುಸುರಿಯ ಬಗ್ಗೆ ಅಲಮಾರು ತುಂಬ ಪುಸ್ತಕಗಳಿವೆ. ಆ ಮೆಟ್ಟಿನ ಹೊಲಿಗೆಯ ಬಗ್ಗೆ, ಚರ್ಮ ಹದ ಮಾಡಿದ ವಿದ್ಯೆಯ ಬಗ್ಗೆ ಎಷ್ಟು ಪುಟ ಬರೆದಿದ್ದಾರೆ? ಗುಡಿ 'ಕಲೆ'. ಮೆಟ್ಟು 'ಸೇವೆ'. ಹೀಗೆ ಗೆರೆ ಎಳೆದವರು ಯಾರು?

ಅದೇ ಗೆರೆ ನಮ್ಮ ಲೈನುಗಳೊಳಗೂ ಹಾದುಹೋಗಿದೆ. ಘಟ್ಟ ಹತ್ತಿ ಬಂದವರು ತಮ್ಮ ದೈವಗಳನ್ನೂ ಜೊತೆಗೆ ತಂದರು. ತೋಟದ ಮೂಲೆಯಲ್ಲಿ ಕಟ್ಟೆ ಕಟ್ಟಿ ಪಂಜುರ್ಲಿಯನ್ನು ನಂಬಿದರು. ತುಳುನಾಡಿನಲ್ಲಿ ದೈವಕ್ಕೆ ಮೈ ಕೊಡುವವರು ನಲಿಕೆ, ಪರವ, ಪಂಬದರು. ಎಳೆ ತೆಂಗಿನ ಗರಿಯನ್ನು ಸೀಳಿ ಉಡುಗೆ ಮಾಡುವುದು, ಮುಖಕ್ಕೆ ಬಣ್ಣದ ಗೆರೆ ಎಳೆಯುವುದು, ಇದನ್ನು ಕಲಿಯಲು ಎಷ್ಟೋ ವರ್ಷ ಬೇಕು. ಇದಕ್ಕೆ ಪಂಡಿತರು ಇಟ್ಟ ಹೆಸರು 'ಜಾನಪದ'. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಭೂತದ ಮೂರ್ತಿಗಳು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಪರದೇಶದವರು ಬಂದು ನಿಂತು ನೋಡುತ್ತಾರೆ. ನಮ್ಮ ಹುಡುಗರಿಗೆ ಅವು ಅಲ್ಲಿವೆ ಎಂಬುದೇ ಗೊತ್ತಿಲ್ಲ. ಯಾವುದು ಕಲೆ, ಯಾವುದು ಬರೀ ಕಸುಬು ಅಂತ ತೀರ್ಮಾನ ಕೊಡುವ ಪೀಠದ ಹೆಸರೇ ಕಲೆಯ ಚರಿತ್ರೆ. ನಾವು ಆ ಪೀಠದ ಹತ್ತಿರ ಹೋಗದಿದ್ದರೆ ತೀರ್ಪು ಹೀಗೇ ಬರುತ್ತಿರುತ್ತದೆ.

ಇಲ್ಲಿ ನಮ್ಮ ಗೆಳೆಯರೇ ಎತ್ತುವ ತಕರಾರು ಇದೆ. ಅದನ್ನು ತಳ್ಳಿಹಾಕುವಂತಿಲ್ಲ. "ಗುಡಿ ಗೋಪುರಗಳ ಚರಿತ್ರೆ ನಮಗೆ ಯಾಕೆ? ನಮ್ಮನ್ನು ಹೊರಗಿಟ್ಟ ಗೋಡೆಗಳು ಅವು. ಅದನ್ನು ಹೊಗಳೋದು ಕಲಿಸಿ ನಮ್ಮ ಮಕ್ಕಳನ್ನೂ ಪುರೋಹಿತಶಾಹಿಯ ಭಟ್ಟಂಗಿಗಳನ್ನಾಗಿ ಮಾಡ್ತೀರಾ? ಕೂಲಿ, ಭೂಮಿ, ಮನೆ ಹಕ್ಕುಪತ್ರ, ಇವಕ್ಕೆ ಹೋರಾಡೋ ಹೊತ್ತಲ್ಲಿ ಇದೆಂಥ ಶೋಕಿ?" 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ನಾಡಿಗೆ ಬೆಂಕಿ ಬಿದ್ದ ಹಾಗಾಯಿತು, ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ನಮ್ಮ ಚಳವಳಿಗೆ ಕಾವು ಕೊಟ್ಟ ಮಾತು ಅದು. ಹಾಗಾದರೆ ಕಲೆಯ ಚರಿತ್ರೆಯೂ ಬೂಸಾ ಅಲ್ಲವೇ?

ಇರಬಹುದು. ಆದರೆ ಯಾವುದು ಕಾಳು ಯಾವುದು ಬೂಸಾ ಅಂತ ಹೇಳಲು ಕೇರುವ ಮೊರ ನಮ್ಮ ಕೈಯಲ್ಲಿ ಇರಬೇಕಲ್ಲ? ಬಸವಲಿಂಗಪ್ಪನವರು ಓದದೆ ಆ ಮಾತು ಹೇಳಲಿಲ್ಲ. ಓದದವನು ಬೂಸಾ ಅಂದರೆ ಅದು ಬೈಗುಳ. ಓದಿದವನು ಅಂದರೆ ಅದು ವಿಮರ್ಶೆ. ನಮ್ಮನ್ನು ಹೆದರಿದ ವ್ಯವಸ್ಥೆ ಹೆದರಿದ್ದು ವಿಮರ್ಶೆಗೆ.

ಇದಕ್ಕಿಂತ ದೊಡ್ಡ ಉದಾಹರಣೆ ಬಾಬಾಸಾಹೇಬರದೇ ಇದೆ. 1934ರಲ್ಲಿ ಅಂಬೇಡ್ಕರರು ಸಂಗಾತಿಗಳ ಜೊತೆ ಎಲ್ಲೋರದ ಬೌದ್ಧ ಗುಹೆಗಳನ್ನು ನೋಡಲು ಹೊರಟರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಹತ್ತಿರ ಒಂದು ಕೊಳ. ಪ್ರಯಾಣದ ದೂಳು ಮೆತ್ತಿದ್ದ ಕೈಕಾಲು ಮುಖವನ್ನು ಅಲ್ಲಿ ತೊಳೆದುಕೊಂಡರು. ಅಷ್ಟಕ್ಕೇ ಮುಸ್ಲಿಂ ಮುದುಕರೊಬ್ಬರು ಕೊಳ ಮೈಲಿಗೆಯಾಯಿತು ಅಂತ ಕೂಗುತ್ತ ಓಡಿ ಬಂದರು. ಜನ ಸೇರಿತು. ಜಾತಿಯ ರೋಗ ಒಂದು ಧರ್ಮದ ಒಳಗೇ ನಿಲ್ಲುವುದಿಲ್ಲ ಎಂಬುದನ್ನು ಬಾಬಾಸಾಹೇಬರು ಈ ಪ್ರಸಂಗದಿಂದ ಎತ್ತಿ ತೋರಿಸಿದರು. ಕಡೆಗೆ ಕೋಟೆಯೊಳಗೆ ಬಿಟ್ಟರು. ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳಲು ಕೋವಿ ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು.

ಈ ಪ್ರಸಂಗವನ್ನು ನಾವು ಅಸ್ಪೃಶ್ಯತೆಯ ಕ್ರೌರ್ಯಕ್ಕೆ ಸಾಕ್ಷಿಯಾಗಿ ಎಷ್ಟೋ ಸಲ ಹೇಳಿದ್ದೇವೆ. ಅವರು ಹೊರಟದ್ದು ಎಲ್ಲಿಗೆ ಎಂಬುದನ್ನು ಮಾತ್ರ ಗಮನಿಸಿರಲಿಲ್ಲ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿದ ಆ ಮನುಷ್ಯ, ಮಹಾಡದ ಕೆರೆಯ ಹೋರಾಟ ಮುಗಿಸಿ, ಪೂನಾ ಒಪ್ಪಂದದ ಗಾಯ ಹೊತ್ತುಕೊಂಡು, ಒಂದಿಷ್ಟು ಜನರನ್ನು ಕಟ್ಟಿಕೊಂಡು ಹಳೆಯ ಗುಹೆಗಳನ್ನು ನೋಡಲು ಹೊರಟಿದ್ದರು. ಅದು ಅವರಿಗೆ ಶೋಕಿಯಾಗಿ ಕಾಣಲಿಲ್ಲ. ನೀರಿನ ಹಕ್ಕು ಬೇರೆ, ನೋಡುವ ಹಕ್ಕು ಬೇರೆ ಅಂತ ನಾವು ಎರಡು ಪಾಲು ಮಾಡಿಕೊಂಡಿದ್ದೇವೆ. ಆ ಕೊಳದ ದಡದಲ್ಲಿ ಅವೆರಡೂ ಒಂದೇ ಆಗಿದ್ದವು.

ಹೊಗಳುಭಟ್ಟರಾಗುತ್ತೇವೆ ಎಂಬ ಭಯಕ್ಕೂ ಕಲ್ಲೇ ಉತ್ತರ ಕೊಡುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಒಂದು ಕಂಬವಿದೆ. ಎರಡನೇ ವೀರಬಲ್ಲಾಳ ಸತ್ತಾಗ ಅವನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಬಂಟರು ಪ್ರಾಣ ಕೊಟ್ಟದ್ದನ್ನು ಆ ಕಂಬ ಸಾರುತ್ತದೆ. ತಮ್ಮ ತಲೆ ತಾವೇ ಕಡಿದುಕೊಳ್ಳುವ ಆಳುಗಳನ್ನು ಅದರ ಮೇಲೆ ಬಿಡಿಸಿದ್ದಾರೆ. ಕೆಲಸ ಅಚ್ಚುಕಟ್ಟಾಗಿದೆ. ನೋಡಿದರೆ ಮೈ ಜುಮ್ಮೆನ್ನುತ್ತದೆ. ಒಡೆಯನಿಗಾಗಿ ಆಳು ಸಾಯುವುದು ಪುಣ್ಯ ಎಂದು ನಂಬಿಸಿದ ವ್ಯವಸ್ಥೆ, ಆ ನಂಬಿಕೆಯನ್ನು ಇಷ್ಟು ಚೆಂದವಾಗಿ ಕಡೆಸಿ ನಿಲ್ಲಿಸಿದೆ. ಚೆಂದವೂ ನಿಜ, ಕ್ರೌರ್ಯವೂ ನಿಜ. ಎರಡೂ ಒಂದೇ ಕಲ್ಲಿನಲ್ಲಿವೆ. ಇದನ್ನು ಬರೀ ಚೆಂದ ಅಂತ ನೋಡುವವನು ಭಕ್ತ. ಬರೀ ಕ್ರೌರ್ಯ ಅಂತ ನೋಡುವವನು ಒಡೆಯಲು ಸುತ್ತಿಗೆ ತರುತ್ತಾನೆ. ಎರಡನ್ನೂ ಒಟ್ಟಿಗೆ ನೋಡಿ, ಇದು ಹೇಗಾಯಿತು, ಯಾರಿಗೆ ಬೇಕಿತ್ತು ಅಂತ ಕೇಳುವವನು ಮಾತ್ರ ಅದರ ನಿಜವಾದ ವಾರಸುದಾರ. ಇವತ್ತಿನ ತೋಟದಲ್ಲಿ 'ಸಾಹುಕಾರರಿಗಾಗಿ ಪ್ರಾಣ ಬೇಕಾದರೂ ಕೊಟ್ಟೇನು' ಅನ್ನುವ ಮೇಸ್ತ್ರಿಯನ್ನು ಅರ್ಥ ಮಾಡಿಕೊಳ್ಳಲೂ ಆ ಕಂಬ ಸಹಾಯ ಮಾಡುತ್ತದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಲೋಕದ ಎಲ್ಲ ಮನುಷ್ಯರ ಆಸ್ತಿ ಎಂದು ಅದರ ಅರ್ಥ. ಎಲ್ಲ ಮನುಷ್ಯರು ಎಂಬುದರಲ್ಲಿ ಬೆಟ್ಟದ ಮೇಲಿನ ಲೈನಿನವರೂ ಸೇರಿದ್ದಾರಲ್ಲ? ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಒಂದು, ಈ ನಾಡಿನ ಕೂಡು ಸಂಸ್ಕೃತಿಯ ಪರಂಪರೆಗೆ ಬೆಲೆ ಕೊಟ್ಟು ಕಾಪಾಡುವುದು. ಕರ್ತವ್ಯ ನಮ್ಮ ತಲೆಯ ಮೇಲೂ ಇದೆ. ಅದರ ಬೆಲೆ ತಿಳಿಯುವ ಓದು ಮಾತ್ರ ನಮಗೆ ಇಲ್ಲ. ಗೊತ್ತಿಲ್ಲದ್ದನ್ನು ಕಾಪಾಡು ಅನ್ನುವುದು ಕಾವಲುಗಾರನ ಕೆಲಸ ಕೊಟ್ಟ ಹಾಗೆ. ಕಾವಲು ಕಾದು ಕಾದು ನಮಗೆ ಸಾಕಾಗಿದೆ.

ಇದು ನಮ್ಮ ದೇಶದ ಪಾಡು ಮಾತ್ರ ಅಂತ ತಿಳಿಯಬೇಡಿ. ಇಂಗ್ಲೆಂಡಿನಲ್ಲಿ 2016ರಲ್ಲಿ ಕಾಲೇಜಿಗೆ ಹೋಗುವ ಮುಂಚಿನ ಪರೀಕ್ಷೆಯಿಂದ ಕಲೆಯ ಚರಿತ್ರೆಯನ್ನೇ ಕೈಬಿಡಲು ಹೊರಟರು. ಅದು ಹೆಚ್ಚಾಗಿ ದುಡ್ಡು ಕೊಟ್ಟು ಓದುವ ಶಾಲೆಗಳಲ್ಲೇ ಉಳಿದುಕೊಂಡಿದ್ದ ವಿಷಯವಾಗಿತ್ತು. ಗಲಾಟೆ ಎದ್ದ ಮೇಲೆ ಇನ್ನೊಂದು ಪರೀಕ್ಷಾ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಬಡವರ ಶಾಲೆಗೆ ಮೊದಲೇ ಕೊಡದೆ ಇರುವುದು, ಆಮೇಲೆ "ಇದನ್ನು ಓದುವವರು ಯಾರೂ ಇಲ್ಲ" ಅಂತ ತೆಗೆಯಲು ಹೊರಡುವುದು. ಈ ಆಟ ನಮಗೆ ಹೊಸದಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಹಳ್ಳಿಯ ಮೇಷ್ಟ್ರುಗಳು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಎಷ್ಟೋ ಊರಿನ ಬೇಲಿ ಸಾಲಿನಲ್ಲಿ, ಕೆರೆ ಏರಿಯಲ್ಲಿ ವೀರಗಲ್ಲು ನಿಂತಿದೆ. ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿದೆ, ಮೋರಿಗೆ ಹಾಸಾಗಿದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ, ಹಲವು ಸಲ ತುರು ಬಿಡಿಸುವ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವುದು. ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಮೂರು ಅಂಕಣ, ಒಂದು ಬದುಕು. ಊರ ದನ ಉಳಿಸಲು ಸತ್ತವರಲ್ಲಿ ರಾಜರ ಮಕ್ಕಳೇ ಇರಲಿಲ್ಲ, ಸಾಮಾನ್ಯರೂ ಇದ್ದರು. ಇದನ್ನು ಐದನೇ ಕ್ಲಾಸಿನ ಮಗುವಿಗೆ ಅರ್ಧ ಗಂಟೆಯಲ್ಲಿ ಕಲಿಸಬಹುದು. ಖರ್ಚು, ಒಂದು ಕೊಡ ನೀರು ಮತ್ತು ತೆಂಗಿನ ನಾರು.

ಎರಡನೆಯದು, ಭಾಷೆ. ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲೇ ಬರೆದು ದಾರಿ ತೋರಿಸಿದ್ದರು. ಶಾಸನಗಳೂ ಕನ್ನಡದಲ್ಲೇ ಇವೆ. ಅವುಗಳ ಬಗ್ಗೆ ಆದ ಓದು ಮಾತ್ರ ಬಹುಪಾಲು ಇಂಗ್ಲಿಷಿನ ಬೀಗದೊಳಗಿದೆ. ವಿಶ್ವವಿದ್ಯಾಲಯದ ಗೆಳೆಯರು ನಾಲ್ಕಾಣೆಯ ಪುಸ್ತಿಕೆಯ ಹಾಗೆ ತೆಳ್ಳಗೆ, ತಿಳಿಯಾಗಿ, ಒಂದೊಂದು ತಾಲ್ಲೂಕಿನ ಕಲ್ಲು, ಮರ, ಲೋಹ, ಚರ್ಮ, ಬಣ್ಣದ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆದುಕೊಡಲಿ.

ಮೂರನೆಯದು, ಬಾಗಿಲು. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಇದೆ, ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಕಳಸದ ಲೈನಿನ ಹುಡುಗಿಗೆ ಈ ಮೂರೂ ಚಂದ್ರಲೋಕದಷ್ಟು ದೂರ. ಫೀಸಿಗಿಂತ ದೊಡ್ಡ ಅಡ್ಡಗೋಡೆ, ಇಂಥದೊಂದು ಓದು ಇದೆ ಅಂತ ಹೇಳುವವರು ಇಲ್ಲದಿರುವುದು. ಹೇಳಬೇಕಾದವರು ನಾವು. ಹಾಸ್ಟೆಲ್ಲಿಗೆ, ವಿದ್ಯಾರ್ಥಿವೇತನಕ್ಕೆ, ಬಣ್ಣ ಕಾಗದದ ಖರ್ಚಿಗೆ ಅರ್ಜಿ ಹಿಡಿದು ಓಡಾಡುವುದು ಕೂಲಿ ದರಕ್ಕೆ ಓಡಾಡುವಷ್ಟೇ ಸಂಘಟನೆಯ ಕೆಲಸ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾನೂನು, ಇಪ್ಪತ್ತೈದಕ್ಕಿಂತ ಹೆಚ್ಚು ಕಾರ್ಮಿಕರ ಮಕ್ಕಳಿರುವ ತೋಟದಲ್ಲಿ ಓದಿನ ಏರ್ಪಾಡು ಮಾಡುವಂತೆ ಮಾಲೀಕರಿಗೆ ಹೇಳಲು ಅವಕಾಶ ಕೊಟ್ಟಿತ್ತು. ಆ ಕಾನೂನಿನ ಕಣ್ಣಿಗೆ ಬಿದ್ದದ್ದು ಆರರಿಂದ ಹನ್ನೆರಡು ವರ್ಷದ ಮಕ್ಕಳು. ಅಕ್ಷರದವರೆಗೆ ಮಾತ್ರ ಬರಲಿ, ಅದರಾಚೆ ಬೇಡ ಎಂಬ ಲೆಕ್ಕ ಅಲ್ಲಿಯೂ ಇತ್ತು.

ಈಗ ಆ ತಂದೆಯ ಪ್ರಶ್ನೆಗೆ ಮರಳಿ ಬರೋಣ. ಹೊಟ್ಟೆಗೆ ಎಂತ ಹಾಕ್ಕೊಳ್ಳೋದು? ಪ್ರಾಮಾಣಿಕವಾಗಿ ಹೇಳಬೇಕಾದರೆ, ಬಹಳ ಏನೂ ಇಲ್ಲ. ಕೆಲವರಿಗೆ ಮೇಷ್ಟ್ರ ಕೆಲಸ, ಕೆಲವರಿಗೆ ವಸ್ತುಸಂಗ್ರಹಾಲಯದ ಕೆಲಸ ಸಿಗಬಹುದು. ಸಿಗದೆಯೂ ಹೋಗಬಹುದು. ಈ ಓದಿನಿಂದ ಕೂಲಿ ಹೆಚ್ಚುತ್ತದೆ ಅಂತ ನಾವು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಉಳ್ಳವರ ಮಕ್ಕಳನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವರಿಗೆ ಬೇಕೆನಿಸಿದ್ದು ಓದುವ ಹಕ್ಕು, ನಮಗೆ ಹೊಟ್ಟೆ ತುಂಬುವಷ್ಟು ಓದುವ ಹಕ್ಕು. ಮನುಷ್ಯನನ್ನು ಬರೀ ಹೊಟ್ಟೆ ಮತ್ತು ಎರಡು ಕೈ ಎಂದು ಲೆಕ್ಕ ಹಾಕಿದ್ದೇ ಜಾತಿ. ನಮ್ಮ ಮಕ್ಕಳನ್ನು ನಾವೂ ಅದೇ ಲೆಕ್ಕದಲ್ಲಿ ಅಳೆದರೆ, ಜಾತಿಯ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಟ್ಟ ಹಾಗೆ.

ಹೊಯ್ಸಳರ ಗುಡಿಗಳನ್ನು ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ, ಗಾಳಿಗೆ ಒಡ್ಡಿದ ಹಾಗೆ ಗಟ್ಟಿಯಾಗುತ್ತದೆ. ಅಷ್ಟು ಸಣ್ಣ ಕುಸು಼ರಿ ಸಾಧ್ಯವಾದದ್ದು ಅದಕ್ಕೇ. ಸ್ಲೇಟಿನ ಮೇಲೆ ಬರೆಯುವ ಬಳಪ ಮಾಡುತ್ತಿದ್ದುದೂ ಅದೇ ಜಾತಿಯ ಕಲ್ಲಿನಿಂದ. ಆ ಕಲ್ಲನ್ನು ಗುಡಿಗೆ ಹೊರಲು ನಮ್ಮವರ ಬೆನ್ನು ಬೇಕಾಯಿತು. ಅದೇ ಕಲ್ಲಿನ ಒಂದು ಚೂರು ನಮ್ಮವರ ಕೈಗೆ ಬಳಪವಾಗಿ ಬರಲು ನೂರಾರು ವರ್ಷ ಬೇಕಾಯಿತು.

ಬೇಲೂರಿಗೆ ಹೋಗಿ ಬಂದ ಮೇಲೆ ಆ ಹುಡುಗಿ ಲೈನಿನ ಕೆಳಗಿನ ಹಳ್ಳದ ಹತ್ತಿರ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿ ಹಾಕಿಸಿದಳು. ಬೆನ್ನ ಕಡೆ ಸವೆದ ಗೆರೆಗಳಿದ್ದವು. ಒಬ್ಬ ಬಿಲ್ಲು ಹಿಡಿದವನು, ಎರಡು ದನ. ಮೇಲಿನ ಅಂಕಣ ಒಡೆದುಹೋಗಿತ್ತು. ಅವಳ ಅಜ್ಜಿ ನಲವತ್ತು ವರ್ಷ ಆ ಕಲ್ಲಿನ ಮೇಲೆ ಬಟ್ಟೆ ಒಗೆದವಳು. ಮೊಮ್ಮಗಳು ಬೆರಳಿಟ್ಟು ತೋರಿಸಿ ಹೇಳಿದ್ದನ್ನೆಲ್ಲ ಕೇಳಿದ ಅಜ್ಜಿ ಕಲ್ಲನ್ನು ಒಂದು ಸಲ ಸವರಿದಳು. "ಇಷ್ಟು ವರ್ಷ ಇವನ ಮೇಲೆಯೇ ಬಡೀತಿದ್ದೆನಾ ನಾನು" ಅಂದಳು. ಈಗ ಕಲ್ಲನ್ನು ದಡದಲ್ಲಿ ನಿಲ್ಲಿಸಿದ್ದಾರೆ. ಪೂಜೆ ಗೀಜೆ ಇಲ್ಲ. ಬಟ್ಟೆ ಒಗೆಯಲು ಬೇರೆ ಕಲ್ಲು ಹಾಕಿಕೊಂಡಿದ್ದಾರೆ.

ಈ ವರ್ಷ ಅದೇ ಲೈನಿನ ಇನ್ನೊಬ್ಬ ಹುಡುಗ ಬಂದು ಅದೇ ಮಾತು ಕೇಳಿದ್ದಾನೆ. ಕಲ್ಲು ಹೊತ್ತಿದ್ದು ಯಾರು ಅಂತ ಬೇಲೂರಿನಲ್ಲಿ ಕೇಳಿದ್ದವನೇ. ಈ ಸಲ ನಾವು ಅವನ ಅಪ್ಪನ ಹತ್ತಿರ ಕೂತು, ಅರ್ಜಿಯ ಕಾಗದ ಮುಂದಿಟ್ಟುಕೊಂಡು, ಖರ್ಚಿನ ಲೆಕ್ಕ ಬರೆಯುತ್ತಿದ್ದೇವೆ. ಲೆಕ್ಕ ಬರೆದುಕೊಡುತ್ತಿರುವವಳು ಆ ಹುಡುಗಿ.